ಆನಿಮೆ ಶಾಲೆಗಳ ಪಂಕ್ತಿಭೇದ

ಮಾನ್ಯರೇ,

ಜಪಾನಿನ ಆನಿಮೆ (ಆನಿಮೇಶನ್ ಸರಣಿ) ನೋಡಿ ಹೈಸ್ಕೂಲು ಮಕ್ಕಳು ದೊಡ್ಡಸ್ತಿಕೆ ಕಲಿಯುತ್ತಿದ್ದಾರೆ, ಸಹಪಾಠಿಗಳಲ್ಲಿ ಮೇಲು-ಕೀಳು ಎಣಿಸುವುದೇ ಅವರಿಗೆ ಶೋಕಿಯಾಗಿದೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಆತಂಕ ಪೂರ್ತಿ ಸುಳ್ಳಲ್ಲ. ಆದರೆ ಅವರು ಬೊಟ್ಟು ಮಾಡಿದ್ದು ಸೊಕ್ಕಿನ ಪಾತ್ರಗಳ ಕಡೆಗೆ. ಅಂಥವರನ್ನು ನೋಡಿ ಮಕ್ಕಳೇ ನಗುತ್ತಾರೆ. ಈ ಸರಣಿಗಳಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಮೇಲು-ಕೀಳಿನ ಲೆಕ್ಕ ಹಾಕುವ ರೀತಿಯನ್ನು.

ಮನೆತನದ ಜಂಬದ ಕಥೆಗಳು ಹಳೆಯವು, ಸರಳವೂ ಹೌದು. 1996ರ ‘ಹಾನಾ ಯೋರಿ ದಾಂಗೊ’ದಲ್ಲಿ ನಾಲ್ವರು ಸಿರಿವಂತ ಹುಡುಗರ ಕೆಂಪು ಚೀಟಿ ಯಾರ ಪಾಲಿಗೆ ಬರುತ್ತದೋ ಅವರ ಮೇಲೆ ಇಡೀ ಶಾಲೆ ಮುಗಿಬೀಳುತ್ತದೆ. 2006ರ ‘ಊರಾನ್ ಹೈಸ್ಕೂಲ್ ಹೋಸ್ಟ್ ಕ್ಲಬ್’ ಇಂಥ ಶಾಲೆಯನ್ನೇ ಗೇಲಿ ಮಾಡುತ್ತದೆ. ವಿದ್ಯಾರ್ಥಿವೇತನದಲ್ಲಿ ಓದುವ ಹರುಹಿ 80 ಲಕ್ಷ ಯೆನ್‌ನ ಹೂದಾನಿ ಒಡೆದು ಸಾಲಕ್ಕೆ ಸಿಕ್ಕಿಕೊಳ್ಳುತ್ತಾಳೆ. ಇನ್‌ಸ್ಟಂಟ್ ಕಾಫಿ ಕಂಡು ಬಾಯಿ ಬಿಡುವವರು ಶ್ರೀಮಂತರ ಮಕ್ಕಳು.

ಅಂಕದ ಮೇಲೆ ನಿಂತ ಏಣಿ ಇದಕ್ಕಿಂತ ಅಪಾಯದ್ದು, ಏಕೆಂದರೆ ಅದು ನ್ಯಾಯದ ವೇಷ ಹಾಕಿರುತ್ತದೆ. 2017ರಲ್ಲಿ ಶುರುವಾದ ‘ಕ್ಲಾಸ್‌ರೂಮ್ ಆಫ್ ದಿ ಎಲೀಟ್’ ನೋಡಿ. ಒಂದೊಂದು ಬ್ಯಾಚಿನಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ತರಗತಿ. ಪ್ರತಿ ತರಗತಿಗೂ ಆರಂಭಕ್ಕೆ 1,000 ಪಾಯಿಂಟ್. ತರಗತಿಯ ಒಂದು ಪಾಯಿಂಟಿಗೆ ಪ್ರತಿ ವಿದ್ಯಾರ್ಥಿಗೆ ತಿಂಗಳಿಗೆ 100 ಯೆನ್ ಬೆಲೆಯ, ಹಣದಂತೆ ಖರ್ಚು ಮಾಡುವ ಪಾಯಿಂಟ್. ಹಾಗಾಗಿ ಶಾಲೆ ಶುರುವಾಗುವ ಏಪ್ರಿಲಿನಲ್ಲಿ ಎಲ್ಲರ ಖಾತೆಗೂ ಒಂದು ಲಕ್ಷ. ಯಾವುದಕ್ಕೆ ಎಷ್ಟು ಕಡಿತ ಎಂದು ಟೀಚರ್ ಹೇಳುವುದೇ ಇಲ್ಲ. ತಡವಾಗಿ ಬಂದದ್ದು, ಪಾಠದ ನಡುವೆ ಹರಟಿದ್ದು, ಫೋನ್ ಮುಟ್ಟಿದ್ದು ಎಲ್ಲವನ್ನೂ ತೆಪ್ಪಗೆ ಎಣಿಸುತ್ತಾ ಹೋಗುತ್ತಾರೆ. ಮೇ 1ರಂದು ಫಲಿತಾಂಶ: ಎ 940, ಬಿ 650, ಸಿ 490, ಡಿ ಸೊನ್ನೆ. ಎ ತರಗತಿಯ ಹುಡುಗನಿಗೆ 94,000, ಡಿಯವನಿಗೆ ಏನೂ ಇಲ್ಲ. ಕೈ ಖಾಲಿಯಾದವರಿಗೆ ಕ್ಯಾಂಟೀನಿನಲ್ಲಿ ಬಿಟ್ಟಿಯಾಗಿ ಸಿಗುವುದು ಕಾಡುಸೊಪ್ಪಿನ ಊಟವೊಂದೇ. ತಟ್ಟೆ ನೋಡಿದರೆ ಸಾಕು, ಕೈಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತದೆ. ಇದಕ್ಕೆ ಪಂಕ್ತಿಭೇದ ಎಂಬ ಹೆಸರು ಕನ್ನಡದಲ್ಲಿ ಮೊದಲೇ ಇದೆ.

ಪರೀಕ್ಷೆಯ ಪ್ರಸಂಗ ಇನ್ನೂ ಚುರುಕು. ಅಲ್ಲಿ ಪಾಸಿನ ಗೆರೆ ತರಗತಿಯ ಸರಾಸರಿಯ ಅರ್ಧ. ಇಂಗ್ಲಿಷಿನಲ್ಲಿ ಗೆರೆ 40ಕ್ಕೆ ನಿಂತಾಗ ಡಿ ತರಗತಿಯ ಸುದೊ ಎಂಬವನಿಗೆ 39. ಫೇಲಾದರೆ ಶಾಲೆಯಿಂದಲೇ ಹೊರಗೆ. ಅವನ ಸಹಪಾಠಿ ಹೊರಿಕಿಟಾ ಬೇಕೆಂದೇ ಕಡಿಮೆ ಬರೆದು ಸರಾಸರಿ ಇಳಿಸಲು ನೋಡಿದ್ದಳು, ಅದೂ ಸಾಲಲಿಲ್ಲ. ಕೊನೆಗೆ ಒಂದು ಅಂಕವನ್ನು ಟೀಚರಿಂದ ಒಂದು ಲಕ್ಷ ಪಾಯಿಂಟಿಗೆ ಕೊಳ್ಳಬೇಕಾಗುತ್ತದೆ! ನಮ್ಮ ಕೇರಳದಲ್ಲಿ 2024-25ರಿಂದ 8ನೇ ತರಗತಿಗೆ ಲಿಖಿತ ಪರೀಕ್ಷೆಯಲ್ಲಿ ಶೇ. 30ರ ಕನಿಷ್ಠ ಅಂಕ ಬಂದಿದೆ. ಅದರ ಬಗ್ಗೆ ತಕರಾರು ಏನೇ ಇರಲಿ, ಪಕ್ಕದ ಬೆಂಚಿನವಳು ಚೆನ್ನಾಗಿ ಬರೆದಳೆಂದು ಆ 30 ಮೇಲೇರುವುದಿಲ್ಲ. ಜಪಾನಿನಲ್ಲಿ ಶಾಲೆ-ಕಾಲೇಜುಗಳನ್ನು ಅಳೆಯುವ ‘ಹೆನ್ಸಾಚಿ’ ಏರಿಳಿಯುವುದೇ ಪಕ್ಕದವರ ಮೇಲೆ. ಸರಾಸರಿ ಪಡೆದವನಿಗೆ ಅದರಲ್ಲಿ ಯಾವಾಗಲೂ 50. ಅಂಕಗಳ ಹರಡಿಕೆಯ ಅಳತೆ, ಅಂದರೆ ಗಣಿತದವರು ಮಾನಕ ವಿಚಲನೆ ಎನ್ನುವುದು, 10 ಇದ್ದಾಗ ಸರಾಸರಿ 60ರ ಪರೀಕ್ಷೆಯಲ್ಲಿ 70 ತೆಗೆದರೆ ಹೆನ್ಸಾಚಿ 60. ಅದೇ 70 ಅಂಕ, ಸರಾಸರಿ 80 ಆಗಿದ್ದರೆ 40. ಇದನ್ನು ತಿಳಿದು ನೋಡಿದರೆ ಆನಿಮೆಯ ಹುಡುಗರು ಗೆಳೆಯನ ಅಂಕಕ್ಕೂ ಯಾಕೆ ಬೆವರುತ್ತಾರೆ ಎಂಬುದು ಅರ್ಥವಾಗುತ್ತದೆ.

‘ಅಸಾಸಿನೇಶನ್ ಕ್ಲಾಸ್‌ರೂಮ್’ (2015) ನನ್ನ ಲೆಕ್ಕದಲ್ಲಿ ಇನ್ನೂ ಪ್ರಾಮಾಣಿಕ. ಹಿಂದುಳಿದವರ ‘ಇ’ ತರಗತಿ ಮುಖ್ಯ ಕಟ್ಟಡದಿಂದ ಒಂದು ಕಿಲೋಮೀಟರ್ ದೂರದ ಗುಡ್ಡದ ಮೇಲಿನ ಮುರುಕಲು ಮರದ ಕಟ್ಟಡದಲ್ಲಿದೆ. ಅಸೆಂಬ್ಲಿ ಇದ್ದ ದಿನ ಎಲ್ಲರಿಗಿಂತ ಮೊದಲು ಕೆಳಗಿಳಿದು ಸಾಲು ನಿಲ್ಲಬೇಕಾದವರು ಅವರೇ. ಮಧ್ಯಾಹ್ನದ ಬಿಡುವು ದಾರಿಯಲ್ಲೇ ಕರಗುತ್ತದೆ. ಅವರು ಮೊದಲ 50ರೊಳಗೆ ಬರಲು ಹೊರಟಾಗ ಪರೀಕ್ಷೆಯ ಪಾಠಭಾಗವನ್ನೇ ಕೊನೆಗಳಿಗೆಯಲ್ಲಿ ಬದಲಿಸುತ್ತಾರೆ. ಮುಖ್ಯ ಕಟ್ಟಡದವರಿಗೆ ಖುದ್ದು ಆಡಳಿತ ಮುಖ್ಯಸ್ಥನೇ ಪಾಠ ಮಾಡುತ್ತಾನೆ, ಗುಡ್ಡಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಫಲಿತಾಂಶ ಬಂದ ಮೇಲೆ ನೋಡುವವರಿಗೆ ಕಾಣುವುದು ಮಾತ್ರ ‘ಇ’ಯವರು ದಡ್ಡರು ಎಂದು.

ಈ ಜಾತಿಯ ಸರಣಿಗಳ ನಿಜವಾದ ಊನ ನಾಯಕನಲ್ಲಿದೆ. ‘ಎಲೀಟ್’ನ ನಾಯಕ, ಡಿ ತರಗತಿಯ ಅಯಾನೊಕೋಜಿ ಪ್ರವೇಶ ಪರೀಕ್ಷೆಯ ಎಲ್ಲ ವಿಷಯಗಳಲ್ಲೂ ಬೇಕೆಂದೇ ಸರಿಯಾಗಿ 50 ತೆಗೆದ ಅಸಾಮಾನ್ಯ. 2014ರ ಮಂತ್ರವಿದ್ಯೆಯ ಹೈಸ್ಕೂಲಿನ ಕಥೆಯಲ್ಲಿ ಸಮವಸ್ತ್ರಕ್ಕೆ ಹೂವಿನ ಗುರುತಿಲ್ಲದ ಎರಡನೇ ದರ್ಜೆಯ ತತ್ಸುಯಾನೂ ಅಂಥವನೇ. ಚಿನ್ನವನ್ನು ತಪ್ಪಿ ಕಬ್ಬಿಣದ ರಾಶಿಗೆ ಹಾಕಿದ್ದಾರೆ ಎಂದಷ್ಟೇ ಕಥೆ ಹೇಳಿದಂತಾಯಿತು. ರಾಶಿ ಮಾಡಿದ್ದೇ ತಪ್ಪೋ ಎಂಬ ಪ್ರಶ್ನೆ ಏಳುವುದಿಲ್ಲ. ನೋಡುವ ಹುಡುಗ ತಾನೂ ಅಡಗಿದ ಚಿನ್ನ ಎಂದುಕೊಳ್ಳುತ್ತಾನೆ. ದೊಡ್ಡಸ್ತಿಕೆ ಹತ್ತುವುದು ಅಲ್ಲಿಂದ.

ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಕಳೆದುಹೋಗುವ ಒಂದು ಸಂಗತಿಯೂ ಇದೆ. ಹೆಸರಿಗೆ ಹೆಚ್ಚು ಗೌರವದ ‘ಸಾಮಾ’ ಸೇರಿತೋ ಸಾಧಾರಣ ಗೌರವದ ‘ಸಾನ್’ ಸೇರಿತೋ, ಬರೀ ಹೆಸರು ಹಿಡಿದು ಕರೆದರೋ ಎಂಬುದರಲ್ಲೇ ಅರ್ಧ ಏಣಿ ಇರುತ್ತದೆ. ನೀನು, ನೀವು, ತಾವು ಎಂದು ದಿನವಿಡೀ ಅಳೆದು ಮಾತಾಡುವ ನಮಗೆ ಅದು ಸುಲಭದಲ್ಲಿ ಕಿವಿಗೆ ಬೀಳಬೇಕು, ಸ್ವಲ್ಪ ಗಮನ ಕೊಟ್ಟರೆ ಸಾಕು. ತರಗತಿಯೊಳಗಿನ ಈ ಮೇಲು-ಕೀಳಿಗೆ ಜಪಾನೀಯರು ಇಟ್ಟ ಹೆಸರು ‘ಸುಕೂರು ಕಾಸುತೊ’, ಅಂದರೆ ಸ್ಕೂಲ್ ಕಾಸ್ಟ್. ನಮ್ಮ ಜಾತಿಗೆ ಪೋರ್ಚುಗೀಸರು ಇಟ್ಟ ಹೆಸರೇ ಇಂಗ್ಲಿಷಿನ ದಾರಿಯಾಗಿ ಅಲ್ಲಿಗೆ ಮುಟ್ಟಿದೆ. ಹಾಗೆಂದು ಜಪಾನಿನ ಶಾಲೆಗಳೆಲ್ಲ ಆನಿಮೆಯಂತೆ ಇವೆ ಎಂದು ತಿಳಿಯಬೇಡಿ. ಅಲ್ಲಿ ಕಡ್ಡಾಯ ಶಿಕ್ಷಣ ಒಂಬತ್ತು ವರ್ಷ. ಜರಡಿ ಹಿಡಿಯುವುದು ಹೆಚ್ಚಾಗಿ 15ನೇ ವಯಸ್ಸಿನ ಹೈಸ್ಕೂಲು ಪ್ರವೇಶ ಪರೀಕ್ಷೆಯಲ್ಲಿ. ತರಗತಿ ಗುಡಿಸುವ ಸರದಿಯೂ ಮಕ್ಕಳದ್ದೇ.

ಕಾಸರಗೋಡಿನ ಹೈಸ್ಕೂಲುಗಳ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಐಟಿ ಕ್ಲಬ್ ಘಟಕಗಳಲ್ಲಿ ಹೇಗೂ ಆನಿಮೇಶನ್ ತರಬೇತಿ ಇದೆ. ಒಂದು ಕಂತಿನ ಹತ್ತು ನಿಮಿಷವನ್ನು ಸದ್ದು ಮುಚ್ಚಿ ತೋರಿಸಿ. ಮೆಟ್ಟಿಲಿನ ಮೇಲೆ ನಿಂತವರು ಯಾರು, ಕ್ಯಾಮೆರಾ ಯಾರನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ, ಕಿಟಕಿ ಪಕ್ಕದ ಕೊನೆಯ ಬೆಂಚು ಯಾರಿಗೆ ಎಂದು ಮಕ್ಕಳು ಬರೆದುಕೊಳ್ಳಲಿ. ಬಳಿಕ ಸದ್ದು ಹಾಕಿ, ನಿಯಮ ಬರೆದವರು ಯಾರು, ಅದು ಯಾರಿಗೆ ಯಾವಾಗ ಗೊತ್ತಾಯಿತು ಎಂದು ಕೇಳಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಪೇಟೆಯಲ್ಲಿ ಏಳುವ ‘ಫುಲ್ ಎ ಪ್ಲಸ್’ ಫ್ಲೆಕ್ಸನ್ನೂ ಅದೇ ಪಟ್ಟಿ ಹಿಡಿದು ನೋಡಬಹುದು: ಹತ್ತು ವಿಷಯಗಳಲ್ಲೂ ಎ ಪ್ಲಸ್ ಬಂದವರ ಫೋಟೋ ಎಷ್ಟು ದೊಡ್ಡದು, ಒಂಬತ್ತರಲ್ಲಿ ಬಂದವರದ್ದು ಎಲ್ಲಿದೆ.

ಸಣ್ಣ ತರಗತಿಗೆ ‘ಊರಾನ್’ ಸಾಕು. ಜೂಜಿನ ಶಾಲೆಯ ‘ಕಾಕೆಗುರುಯಿ’ಯನ್ನು ಹೈಸ್ಕೂಲಿಗೆ ತರುವುದು ಬೇಡ.

– ಓದುಗ, ಬದಿಯಡ್ಕ