ಮಾತ್ರೆ ಜೊತೆ ಮಾತೂ ಬೇಕು

ಮಾನ್ಯರೇ,

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಗದ್ದೆಗೆ ನೀರು ಕಟ್ಟುವಾಗಲೂ ಯಾರೋ ಬೈಯುವ ದನಿ ಕೇಳುತ್ತಿತ್ತು. ಮಾತ್ರೆಯಿಂದ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸೆ ಶುರುವಾಯಿತು. ‘ದನಿ ಸುಳ್ಳು’ ಅಂತ ಅಲ್ಲಿ ಯಾರೂ ವಾದ ಮಾಡಲಿಲ್ಲ. ಯಾವಾಗ ಬಂತು, ಏನಂತು, ಆಗ ನೀನೇನು ಮಾಡಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಸಿದರು. ನಿದ್ದೆಗೆಟ್ಟ ಮರುದಿನ ಅದು ಜಾಸ್ತಿ ಅಂತ ಅವನೇ ಕಂಡುಕೊಂಡ. ಈಗ ‘ಬಂತಾ, ಬರಲಿ ಬಿಡು’ ಅಂತ ಗುದ್ದಲಿ ಹಿಡಿಯುತ್ತಾನೆ. ಮಾತ್ರೆ ಬಿಟ್ಟಿಲ್ಲ, ಬಿಡಲೂಬಾರದು.

ಇಂಗ್ಲೆಂಡಿನಲ್ಲಿ ಚಿಕಿತ್ಸೆ ಹೇಗಿರಬೇಕೆಂದು ಹೇಳುವ ‘ನೈಸ್’ ಸಂಸ್ಥೆಯ ಮಾರ್ಗಸೂಚಿ ಮಾತ್ರೆಯ ಜೊತೆ ಇಂಥ ಕನಿಷ್ಠ 16 ಭೇಟಿ ಬೇಕು ಎನ್ನುತ್ತದೆ. ನಮಗೆ ಪ್ರತಿ ಭೇಟಿಗೂ ಮದ್ದೂರಿನಿಂದ ಮೈಸೂರಿಗೆ ಬಸ್ಸು, ಒಂದು ದಿನದ ಕೂಲಿ ಖೋತಾ. ತಾಲ್ಲೂಕು ಆಸ್ಪತ್ರೆಯಲ್ಲೇ ವಾರಕ್ಕೊಮ್ಮೆ ಇದು ಸಿಗಬೇಕು, ಅಲ್ವಾ?

– ಒಬ್ಬ ಅಕ್ಕ, ಮದ್ದೂರು ತಾಲ್ಲೂಕು