ಬಂಡೆ ಹಸಿರಾದರೆ ತೀರ ಬದುಕಿತು ಅಂತಲ್ಲ ಸ್ವಾಮಿ: ಕರಾವಳಿ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕರಾವಳಿ ನಿರ್ವಹಣಾ ಅಧಿಕಾರಿಗಳಿಗೆ,

ನಮಸ್ಕಾರ. ಮನವಿ ಕೊಟ್ಟು ಕೊಟ್ಟು ಸಾಕಾಯ್ತು. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: ನಾನಿರುವ ಜಾಗದ ಪಕ್ಕದ ಕಲ್ಲುಬಂಡೆಗಳ ತೀರವನ್ನು ಕೆಲವು ವರ್ಷ ಅದರ ಪಾಡಿಗೆ ಬಿಡಿ. ಅಲ್ಲಿಗೆ ಬಂದು ಬೀಳುವ ಕೊಳಚೆ ನೀರನ್ನು ನಿಲ್ಲಿಸಿ. ನಿಯಮ ಏನು ಹೇಳುತ್ತದೆ ಅಂತ ನಿಮಗೆ ನಾನು ಪಾಠ ಮಾಡಬೇಕಾಗಿಲ್ಲ.

ಎಣ್ಣೆ ಜಿಡ್ಡು ಬಂದು ಬಂಡೆಗಳಿಗೆ ಮೆತ್ತಿಕೊಂಡಾಗ ನಿಮ್ಮವರು ಪೈಪು ಹಿಡಿದು ಬಂದರು. ಕುದಿಯುವಷ್ಟು ಬಿಸಿನೀರು, ಅದೂ ಜೋರು ಒತ್ತಡದಲ್ಲಿ. ಎಣ್ಣೆಯ ಜೊತೆಗೆ ಬಂಡೆಗೆ ಅಂಟಿ ಬದುಕುವ ಚಿಪ್ಪಿನ ಜೀವಿಗಳಾದ ಬಾರ್ನಕಲ್, ಮಸಲ್, ಜೊತೆಗೆ ಕಡಲಪಾಚಿ ಎಲ್ಲ ಕಿತ್ತುಕೊಂಡು ಬಂತು. ನಿಲ್ಲಿಸಿ ಅಂತ ಕೂಗಿಕೊಂಡೆ. "ಕ್ಲೀನ್ ಆಗೋದು ಬೇಡ್ವಾ ನಿಮಗೆ?" ಅಂದರು ಮೇಲ್ವಿಚಾರಕರು. ಫೋಟೊ ತೆಗೆಸಿಕೊಂಡು ಹೋದರು.

ಅವರು ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ಬೋಳು ಕಲ್ಲಿನ ಮೇಲೆ ಉಂಗುರದಂಥ ಗುರುತುಗಳು ಮಾತ್ರ ಉಳಿದಿದ್ದವು. ಲಿಂಪೆಟ್‌ಗಳ ಮನೆ ಅವು. ಈ ಪುಟ್ಟ ಚಿಪ್ಪಿನ ಜೀವಿ ಪಾಚಿ ಮೇಯಲು ಹೋಗಿ, ತಿರುಗಿ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಚಿಪ್ಪಿನ ಅಂಚು ಆ ಕಲ್ಲಿಗೇ ಅಳತೆ ಕೊಟ್ಟಂತೆ ಸವೆದಿರುತ್ತದೆ. ನೀರಿಳಿದಾಗ ಮೈ ಒಣಗದಂತೆ ಉಳಿಯುವುದು ಹಾಗೆ. ಮನೆಗಳಿದ್ದವು, ಒಬ್ಬರೂ ಇರಲಿಲ್ಲ.

ಆಮೇಲೆ ಬಂಡೆ ತುಂಬ ಎಳೆ ಹಸಿರು ಪಾಚಿ ಹಬ್ಬಿತು. ನಿಮ್ಮ ಕಚೇರಿಯ ವರದಿ ಏನು ಗೊತ್ತಾ? "ಹಸಿರು ಮರಳಿದೆ, ತೀರ ಚೇತರಿಸಿಕೊಂಡಿದೆ." ಭೇಷ್! ಮೇಯುವವರೆಲ್ಲ ಸತ್ತಿದ್ದಕ್ಕೇ ಅದು ಹಾಗೆ ಬೆಳೆದದ್ದು. ಇದು ಹೊಸ ವಿಷಯವೂ ಅಲ್ಲ. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಟೋರಿ ಕ್ಯಾನ್ಯನ್ ಹಡಗು ಒಡೆದು ಎಣ್ಣೆ ಚೆಲ್ಲಿತು. ಎಣ್ಣೆ ತೆಗೆಯಲು ಸುರಿದ ಡಿಟರ್ಜೆಂಟ್ ಎಣ್ಣೆಗಿಂತ ಜಾಸ್ತಿ ಜೀವ ತೆಗೆಯಿತು. ಲಿಂಪೆಟ್ ಸತ್ತವು, ಮೊದಲು ಹಸಿರು ಪಾಚಿ, ಆಮೇಲೆ ಕಂದು ಕಡಲಪಾಚಿ ವಿಪರೀತ ಬೆಳೆಯಿತು. ಮೊದಲಿನ ಸಮತೋಲ ಬರಲು ಸುಮಾರು 10ರಿಂದ 15 ವರ್ಷ ಹಿಡಿಯಿತು. ಡಿಟರ್ಜೆಂಟ್ ಹಾಕದೆ ಬಿಟ್ಟ ಕಡೆ ಎರಡು ಮೂರು ವರ್ಷದಲ್ಲೇ ಸರಿಹೋಯಿತು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಎಣ್ಣೆ ಚೆಲ್ಲಿದಾಗಲೂ ಬಿಸಿನೀರು ಹೊಡೆದ ಬಂಡೆಗಳು ತೊಂದರೆಗೆ ಸಿಕ್ಕವು. ಅಂದರೆ ನಿಮ್ಮ ಪೈಪಿನ ಕಥೆ ಜಗತ್ತಿಗೆ ಗೊತ್ತಾಗಿ ದಶಕಗಳೇ ಆದವು.

ಇನ್ನು ಕೊಳಚೆ ನೀರಿನ ವಿಷಯ. ಕೇಳಿದರೆ "ಮಿತಿಯೊಳಗೇ ಇದೆ" ಅನ್ನುತ್ತೀರಿ. ಬಿಸಿಲಿಗೆ ನೀವು ಹೊಣೆಯಲ್ಲವಂತೆ, ಬಂಡೆಯಿಂದ ಚಿಪ್ಪಿನ ಜೀವಿಗಳನ್ನು ಕೀಳುವವರಿಗೂ ಹೊಣೆಯಲ್ಲವಂತೆ. ಒಂದೊಂದು ಇಲಾಖೆಯದೂ ಒಂದೊಂದು ಮಿತಿ. ಆ ಬಂಡೆಗೆ ಮಾತ್ರ ಎಲ್ಲ ಪೆಟ್ಟೂ ಒಟ್ಟಿಗೇ, ಅಲ್ವಾ? 2021ರ ಜೂನ್ ಕೊನೆಯಲ್ಲಿ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಬಿಸಿಗಾಳಿಗೆ ಮಸಲ್‌ಗಳು ಬಂಡೆಯ ಮೇಲೇ ಬೆಂದುಹೋದವು. ಕಡಲಪಾಚಿಯ ನೆರಳಿದ್ದರೆ ಇಂಥ ಬಿಸಿಲನ್ನು ಒಂದಿಷ್ಟು ತಡೆಯಬಹುದು. ನೀವು ಆ ನೆರಳನ್ನೂ ಕೆರೆದು ಹಾಕಿದ್ದೀರಿ.

ಬಂಡೆ ಮತ್ತೆ ತುಂಬುವುದು ನೀರಿನಲ್ಲಿ ತೇಲಿ ಬರುವ ಈ ಜೀವಿಗಳ ಮರಿಗಳಿಂದ. ಅವು ಬರಬೇಕಾದದ್ದು ಪಕ್ಕದ ತೀರಗಳಿಂದ. ಹಾಗಾಗಿ ಉಳಿದಿರುವ ತೀರಗಳಿಗೂ ಇದೇ ಪೈಪು ತರಬೇಡಿ. ಚಿಪ್ಪು ಕೀಳುವುದನ್ನು ಸ್ವಲ್ಪ ಕಾಲ ತಡೆಯಿರಿ. ಕೊಳಚೆ ನಿಲ್ಲಿಸಿ. ಬಂಡೆ ಮುಟ್ಟಬೇಡಿ. ಇದನ್ನು ಎಷ್ಟು ಸಲ ಬರೆಯಬೇಕು ಹೇಳಿ?

ಈಗ ಇನ್ನೊಂದು ಸುದ್ದಿ. ಆ ಹಸಿರು ಪಾಚಿ ಕಾಲಿಗೆ ಜಾರುತ್ತದಂತೆ, ಅದನ್ನು ತೆಗೆಯಲು ಮತ್ತೆ ಅದೇ ಪೈಪು ಬರುತ್ತದಂತೆ. ಚೇತರಿಸಿಕೊಂಡಿದೆ ಅಂತ ವರದಿ ಬರೆದವರೇ ಆ ಚೇತರಿಕೆಯನ್ನು ಕೆರೆದು ಹಾಕಲು ಹೊರಟಿದ್ದೀರಿ! ಜಾರುವ ಕಡೆ ಒಂದು ಬೋರ್ಡ್ ಹಾಕಿ, ಸಾಕು. ಆ ಆದೇಶವನ್ನು ಇವತ್ತೇ ರದ್ದು ಮಾಡಿ. ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಬರಹದಲ್ಲಿ ಕೊಡಿ, ಸಹಿ ಹಾಕಿ.

ಇಂತಿ,
ಆ ತೀರದ ಪಕ್ಕದಲ್ಲೇ ಬದುಕುವ ಒಬ್ಬ ನಾಗರಿಕ