ನಿನ್ನ ಜವಳದ ದಿನ ನಿಂತುಹೋದ ಕ್ಲಸ್ಟರ್

ಬೆಳಗಾವಿ

ಪ್ರೀತಿಯ ತಂಗೀ,

ನಿನ್ನೆ ಅಣ್ಣ, ಅಂದರೆ ನಿಮ್ಮಪ್ಪ, ಫೋನ್ ಮಾಡಿದ್ದ. ಬಾಗಲಕೋಟೆಯ ನಿಮ್ಮ ಕಾಲೇಜಿನವರು ಎಂಟು ಸರ್ವರ್ ತರಿಸಿ, ಎಲ್ಲ ನಿನ್ನ ಕೈಗೆ ಕೊಟ್ಟು, ಕ್ಲಸ್ಟರ್ ಕಟ್ಟು ಅಂದಿದ್ದಾರಂತೆ. ಹಲವು ಕಂಪ್ಯೂಟರ್ ಜೋಡಿಸಿ ಒಂದರ ಹಾಗೆ ದುಡಿಸುವುದೇ ಕ್ಲಸ್ಟರ್ ಅಂತ ಅವನಿಗೆ ಗೊತ್ತಿಲ್ಲ. ಸಂಬಳ ಜಾಸ್ತಿ ಆಗುತ್ತಾ ಅಂತ ಮಾತ್ರ ಕೇಳಿದ. ಸಂಬಳ ಅಷ್ಟೇ ಇರುತ್ತದೆ, ರಾತ್ರಿ ಬರುವ ಫೋನ್ ಜಾಸ್ತಿ ಆಗುತ್ತವೆ ಅಂದೆ. ವೈನಿ ಆ ಕಡೆಯಿಂದ ನಕ್ಕಿದ್ದು ಕೇಳಿಸಿತು.

ನಿನಗೆ ಒಂದು ಹಳೆ ಕಥೆ ಹೇಳಬೇಕು. ಅದರಲ್ಲಿ ನೀನೂ ಇದ್ದೀ, ಆದರೆ ನಿನಗೆ ನೆನಪಿರಲಿಕ್ಕಿಲ್ಲ.

2006ರಲ್ಲಿ ನಾನು ಇಲ್ಲಿನ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಕೆಲಸಕ್ಕೆ ಬಾರದವು ಅಂತ ಪಕ್ಕಕ್ಕಿಟ್ಟಿದ್ದ ಹನ್ನೆರಡು ಪೆಂಟಿಯಂ ಡೆಸ್ಕ್‌ಟಾಪ್ ಜೋಡಿಸಿ, ರಾಕ್ಸ್ ಅನ್ನೋ ಕ್ಲಸ್ಟರ್ ಸಾಫ್ಟ್‌ವೇರ್‌ನ ಸಿಡಿ ಹಾಕಿ, ಒಂದು ಕ್ಲಸ್ಟರ್ ಕಟ್ಟಿದ್ದೆ. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ 1994ರಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಸೇರಿ ಹದಿನಾರು 486 ಪ್ರೊಸೆಸರ್‌ಗಳನ್ನು ಸಾದಾ ಈಥರ್ನೆಟ್‌ನಲ್ಲಿ ಜೋಡಿಸಿ, ಮೇಲೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿ, ಬಿಯೋವುಲ್ಫ್ ಅಂತ ಹೆಸರಿಟ್ಟಿದ್ದರು. ಅದನ್ನು ಓದಿದ ದಿನದಿಂದ ನನಗೆ ಈ ಹುಚ್ಚು. ಅವರು ಹದಿನಾರರಲ್ಲಿ ಮಾಡಿದ್ದನ್ನು ನಾನು ಹನ್ನೆರಡರಲ್ಲಿ ಯಾಕೆ ಮಾಡಬಾರದು ಅಂತ. ಕೆಲಸವೂ ಮಾಡಿತು. ಲ್ಯಾಬಿಗೆ ಯಾರು ಬಂದರೂ ಅದನ್ನೇ ತೋರಿಸುತ್ತಿದ್ದೆ.

ಆಮೇಲೆ ಬಾದಾಮಿಯ ಬನಶಂಕರಿಯಲ್ಲಿ ನಿನ್ನ ಜವಳ. ಮನೆಮಂದಿಯೆಲ್ಲ ಹೋಗಿದ್ದೆವು. ನೀನು ನಿಮ್ಮಪ್ಪನ ತೊಡೆ ಮೇಲೆ ಕೂತು ಚೀರಾಡುತ್ತಿದ್ದೆ, ಅಷ್ಟರಲ್ಲಿ ನನ್ನ ಫೋನು. ಜಾಬ್, ಅಂದರೆ ಕ್ಲಸ್ಟರ್‌ಗೆ ಕೊಟ್ಟ ಲೆಕ್ಕದ ಕೆಲಸ, ಯಾವೂ ಓಡುತ್ತಿಲ್ಲ, ಲಾಗಿನ್ ಆಗುತ್ತಿಲ್ಲ. ಸಿಗ್ನಲ್ ಹುಡುಕಿಕೊಂಡು ಹೊಂಡದ ಕಟ್ಟೆ ಮೇಲೆ ನಿಂತು ಎಲ್ಲ ಅಧಿಕಾರ ಇರುವ ರೂಟ್ ಖಾತೆಯ ಪಾಸ್‌ವರ್ಡ್ ಹೇಳಲಿಕ್ಕೆ ಶುರು ಮಾಡಿದೆ: ದೊಡ್ಡ ಎಸ್, ಸಣ್ಣ ಎ, ಡಾಲರ್ ಗುರುತು, ಅಲ್ಲ ಅಲ್ಲ ನಾಲ್ಕರ ಮೇಲಿರುವುದು. ಸುತ್ತ ಇದ್ದ ಬೀಗರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಕಡೆ ಇದ್ದವರಿಗೆ ಅದು ಹತ್ತಲಿಲ್ಲ. ಕಡೆಗೆ ಯಾರೋ ಬೇಸತ್ತು ಮೇನ್ ಸ್ವಿಚ್ ಆರಿಸಿ ಹಾಕಿದರು. ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರೂ ಒಂದು ನೋಡ್, ಎಲ್ಲವನ್ನು ನಡೆಸುವುದು ಹೆಡ್ ನೋಡ್. ಅದರ ಡಿಸ್ಕ್ ಕೆಟ್ಟಿತು. ಒಬ್ಬ ಎಂಟೆಕ್ ಹುಡುಗನ ಮೂರು ವಾರದ ಕೆಲಸ ಹೋಯಿತು. ಮಾರನೇ ದಿನ ಹೋಗಿ ನೋಡಿದರೆ ಮೂಲದಲ್ಲಿ ಆಗಿದ್ದಿಷ್ಟೇ: ಮಷೀನು ತಾನೇ ಬರೆದುಕೊಳ್ಳುವ ಲಾಗ್ ಫೈಲುಗಳು ಬೆಳೆದು ಡಿಸ್ಕ್ ತುಂಬಿತ್ತು. ಎರಡು ಫೈಲ್ ಅಳಿಸಿದ್ದರೆ ಮುಗಿಯುತ್ತಿತ್ತು.

ಯಾರ ತಪ್ಪು? ಬಹಳ ದಿನ ಸ್ವಿಚ್ ಆರಿಸಿದವರದ್ದೇ ಅನ್ನುತ್ತಿದ್ದೆ. ಅಲ್ಲ, ನನ್ನದು. ಎಲ್ಲ ನನ್ನ ತಲೆಯಲ್ಲಿತ್ತು, ಒಂದು ಹಾಳೆಯ ಮೇಲೂ ಇರಲಿಲ್ಲ. ನನಗೆ ಫೋನ್ ಮಾಡದೆ ಯಾರ ಕೆಲಸವೂ ಆಗುವುದಿಲ್ಲ ಅನ್ನೋದು ಒಳಗೊಳಗೆ ಖುಷಿಯೂ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಸರ್ವರ್ ಡಬ್ಬಿ ಬಿಚ್ಚುವ ಮೊದಲು ಇನ್ನೂರು ಪುಟದ ಗಟ್ಟಿ ರಟ್ಟಿನ ವಹಿ ಒಂದು ತಗೋ. ಕಂಪ್ಯೂಟರಿನಲ್ಲೂ ಬರಿ, ಬೇಡ ಅನ್ನಲ್ಲ. ಆದರೆ ಕಂಪ್ಯೂಟರೇ ಏಳದ ದಿನ ಓದಬೇಕಾದದ್ದನ್ನು ಆ ಕಂಪ್ಯೂಟರಿನೊಳಗೆ ಇಟ್ಟರೆ ಏನು ಬಂತು? ಯಾವ ಕೇಬಲ್ ನೆಟ್‌ವರ್ಕ್ ಸ್ವಿಚ್‌ನ ಯಾವ ಪೋರ್ಟಿಗೆ ಹೋಗಿದೆ, ಆರಿಸುವಾಗ ಯಾವುದು ಮೊದಲು, ಹಚ್ಚುವಾಗ ಯಾವುದು ಮೊದಲು, ಎಲ್ಲ ಬರಿ. ಪಾಸ್‌ವರ್ಡ್ ಮಾತ್ರ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಎಚ್‌ಓಡಿ ಕಪಾಟಿನಲ್ಲಿ ಇಡಿಸು.

ನೋಡ್‌ಗಳಿಗೆ ನದಿ ಹೆಸರು ಇಡುವ ಆಸೆ ನಿನಗೂ ಬರುತ್ತದೆ. ನಾನೂ ಇಟ್ಟಿದ್ದೆ, ಕೃಷ್ಣಾ, ಭೀಮಾ, ಡೋಣಿ, ಘಟಪ್ರಭಾ, ಮಲಪ್ರಭಾ. ಐದಕ್ಕೇ ಮುಗಿಯಿತು. ಆರನೆಯದಕ್ಕೆ ಹಿರಣ್ಯಕೇಶಿ ಅಂತ ಇಟ್ಟು ಪ್ರತಿಸಲ ಸ್ಪೆಲ್ಲಿಂಗ್ ತಪ್ಪುತ್ತಿದ್ದೆ. ಸುಮ್ನೆ ನೋಡ್01ರಿಂದ ನೋಡ್08 ಅಂತ ಇಡು. ಜಾಬ್‌ಗಳಿಗೆ ಸರದಿ ಹಚ್ಚಿ ನೋಡ್‌ಗಳಿಗೆ ಹಂಚುವ ಸ್ಲರ್ಮ್ ಅನ್ನೋ ಸಾಫ್ಟ್‌ವೇರ್‌ನ ಕಾನ್ಫಿಗ್ ಫೈಲಿನಲ್ಲಿ ಎಂಟನ್ನೂ ಒಂದೇ ಸಾಲಿನಲ್ಲಿ ಬರೆಯಬಹುದು.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ ಸೂಪರ್ ಕಂಪ್ಯೂಟರ್‌ಗಳ ಟಾಪ್ 500 ಪಟ್ಟಿಯ ಐನೂರಕ್ಕೆ ಐನೂರೂ ಲಿನಕ್ಸೇ. ನಾನು ಕಡೆಯದಾಗಿ 2018ರಲ್ಲಿ ಕಟ್ಟಿದ್ದು ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್ ಮೇಲೆ, ಅದರ ಆಯುಷ್ಯ 2024ರ ಜೂನ್‌ಗೆ ಮುಗಿಯಿತು. ಈಗ ರಾಕಿ ಅಥವಾ ಆಲ್ಮಾ ಲಿನಕ್ಸ್ ಹಾಕು, ಮೇಲೆ ಓಪನ್‌ಎಚ್‌ಪಿಸಿ ಅನ್ನೋ ಕ್ಲಸ್ಟರ್ ಸಾಫ್ಟ್‌ವೇರ್‌ಗಳ ಗಂಟು, ಅದರಲ್ಲೇ ವೇರ್‌ವುಲ್ಫ್, ಸ್ಲರ್ಮ್, ನೋಡ್‌ಗಳು ತಮ್ಮೊಳಗೆ ಮಾತಾಡಲಿಕ್ಕೆ ಓಪನ್‌ಎಂಪಿಐ ಎಲ್ಲ ಬರುತ್ತವೆ. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ವೇರ್‌ವುಲ್ಫ್‌ನಲ್ಲಿ ನೋಡ್‌ಗಳು ನೆಟ್‌ವರ್ಕ್‌ನಿಂದ ಒಂದೇ ಇಮೇಜ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಪಡಿಯಚ್ಚು, ಎಳೆದುಕೊಂಡು ಏಳುತ್ತವೆ. ಒಂದು ಮಾತು ನೆನಪಿಡು: ಯಾವ ನೋಡ್‌ನ ಒಳಗೂ ಹೋಗಿ ಕೈಯಿಂದ ರಿಪೇರಿ ಮಾಡಬೇಡ. ಇಮೇಜ್ ತಿದ್ದು, ನೋಡ್ ರೀಬೂಟ್ ಮಾಡು. ಕೈಯಿಂದ ತಿದ್ದಿದ್ದು ನಾಳೆ ನಿನಗೇ ನೆನಪಿರುವುದಿಲ್ಲ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಒಂದೊಂದು ನೋಡ್‌ಗೂ ಹೋಗಿ ಕೈಯಿಂದಲೇ ಯೂಸರ್ ಸೇರಿಸಿದ್ದೆ. ಒಬ್ಬೊಬ್ಬ ಯೂಸರ್‌ಗೂ ಒಂದು ನಂಬರ್ ಇರುತ್ತದೆ. ಹೆಡ್ ನೋಡ್‌ನಲ್ಲಿ 1003 ಅಂದರೆ ಕೆಮಿಸ್ಟ್ರಿಯ ಒಬ್ಬ ಹುಡುಗಿ, ಐದನೇ ನೋಡ್‌ನಲ್ಲಿ 1003 ಅಂದರೆ ಸಿವಿಲ್‌ನ ಒಬ್ಬ ಹುಡುಗ. ಎಲ್ಲ ನೋಡ್‌ಗೂ ಫೋಲ್ಡರ್ ಹಂಚುವ ಎನ್‌ಎಫ್‌ಎಸ್‌ಗೆ ಹೆಸರು ಬೇಕಿಲ್ಲ, ನಂಬರ್ ಅಷ್ಟೇ. ಆ ಹುಡುಗನ ಜಾಬ್ ಐದನೇ ನೋಡ್‌ಗೆ ಬಿದ್ದಾಗೆಲ್ಲ ಅವನದೇ ಫೋಲ್ಡರ್‌ನಲ್ಲಿ ಅವನಿಗೆ ಬರೆಯಲು ಅನುಮತಿ ಇಲ್ಲ, ಆದರೆ ಅವಳ ಫೋಲ್ಡರ್ ಪೂರ್ತಿ ತೆರೆದ ಮನೆ. ಅರ್ಧ ದಿನ ತಿಣುಕಿದ ಮೇಲೆ ಹೆಸರಿನ ಬದಲು ನಂಬರ್ ತೋರಿಸುವ ಹಾಗೆ ಫೈಲ್ ಪಟ್ಟಿ ತೆಗೆದೆ, ಆಗ ಗೊತ್ತಾಯಿತು. ಅವಳಿಗೆ ಹೇಳಿ ಕ್ಷಮೆ ಕೇಳಿದೆ. ಪುಣ್ಯಕ್ಕೆ ಏನೂ ಹೋಗಿರಲಿಲ್ಲ.

ಗಡಿಯಾರದ ವಿಷಯವೂ ಹಂಗೇ. ಒಂದು ಸಲ ಕರೆಂಟ್ ಹೋಗಿ ಬಂದ ಮೇಲೆ ಮೂರನೇ ನೋಡ್ ಮಾತ್ರ ಜಾಬ್ ತೆಗೆದುಕೊಳ್ಳಲಿಲ್ಲ. ಪಿಂಗ್ ಆಗುತ್ತದೆ, ಲಾಗಿನ್ ಆಗುತ್ತದೆ, ಎಲ್ಲ ಸರಿ. ಸ್ಲರ್ಮ್ ಮಾತ್ರ ಒಲ್ಲೆ ಅನ್ನುತ್ತದೆ. ಡೇಟ್ ನೋಡಿದರೆ 2009, ಜನವರಿ ಒಂದು! ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು, ಗಡಿಯಾರ ಹೊಂದಿಸುವ ಕ್ರೋನಿ ಅನ್ನೋ ಪ್ರೋಗ್ರಾಮ್ ಆ ನೋಡ್‌ನಲ್ಲಿ ಶುರುವಾಗಿರಲೇ ಇಲ್ಲ. ಸ್ಲರ್ಮ್ ಗುರುತು ಹಿಡಿಯುವುದು ಮಂಜ್ ಅನ್ನೋ ಪ್ರೋಗ್ರಾಮ್ ಮೂಲಕ, ಅದು ಕೊಡುವ ಚೀಟಿಗೆ ಸಾಮಾನ್ಯವಾಗಿ ಐದೇ ನಿಮಿಷ ಆಯುಷ್ಯ. ಗಡಿಯಾರ ಅದಕ್ಕಿಂತ ಜಾಸ್ತಿ ಹಿಂದೆಮುಂದೆ ಆದರೆ ಆ ಚೀಟಿ ನಡೆಯಲ್ಲ. ಖಡೇಬಜಾರಿಗೆ ಹೋಗಿ 2032 ಬ್ಯಾಟರಿ ತಂದು ಹಾಕಿದೆ. ಮಂಜ್‌ನ ಗುಟ್ಟಿನ ಕೀ ಎಲ್ಲ ನೋಡ್‌ನಲ್ಲೂ ಒಂದೇ ಇರಬೇಕು, ಗಡಿಯಾರವೂ ಒಂದೇ ಇರಬೇಕು. ಇವೆರಡನ್ನು ವಹಿಯ ಮೊದಲ ಪುಟದಲ್ಲೇ ಬರಿ.

ಇನ್ನು ಕರೆಂಟು, ಬಿಸಿ. ಒಂದೊಂದು ನೋಡ್ 400 ವ್ಯಾಟ್ ತಗೊಂಡರೆ ಎಂಟಕ್ಕೆ 3.2 ಕಿಲೋವ್ಯಾಟ್. ದಿನವಿಡೀ ಓಡಿದರೆ ಹೆಚ್ಚುಕಡಿಮೆ 77 ಯೂನಿಟ್. ಅಷ್ಟೂ ಕರೆಂಟು ಕಡೆಗೆ ಬಿಸಿಯಾಗಿ ಆ ಖೋಲಿಯಲ್ಲೇ ಉಳಿಯುತ್ತದೆ. ಒಂದು ಟನ್ ಏಸಿ ಎತ್ತಿ ಹೊರಗೆ ಹಾಕುವುದು 3.5 ಕಿಲೋವ್ಯಾಟ್, ಅದೂ ಹೊಸದಿದ್ದಾಗ. ಬಾಗಲಕೋಟೆಯ ಏಪ್ರಿಲ್ ನಿನಗೆ ನಾನು ಹೇಳಬೇಕಾ? ಎರಡು ಏಸಿ ಕೇಳು, ಒಂದು ಕೆಟ್ಟರೆ ಇನ್ನೊಂದು ಇರಲಿ. ಯುಪಿಎಸ್ ಮೇಲೆ ಎಂಟೂ ನೋಡ್ ಓಡಿಸುವ ಆಸೆ ಬಿಡು. ಹೆಡ್ ನೋಡ್, ಸ್ಟೋರೇಜ್, ಸ್ವಿಚ್ ಇವಕ್ಕೆ ಯುಪಿಎಸ್ ಸಾಕು, ಕರೆಂಟ್ ಹೋದರೆ ಉಳಿದವು ಆರಿದರೆ ಆರಲಿ. ಕರೆಂಟ್ ಬಂದ ಕೂಡಲೇ ಎಂಟೂ ಒಟ್ಟಿಗೆ ಎದ್ದರೆ ಎಂಸಿಬಿ ಬೀಳುತ್ತದೆ, ಅದಕ್ಕೆ ಬಯಾಸ್‌ನಲ್ಲಿ, ಅಂದರೆ ಮಷೀನಿನ ಮೂಲ ಸೆಟ್ಟಿಂಗ್‌ನಲ್ಲಿ, ತಾನಾಗಿ ಏಳದ ಹಾಗೆ ಇಡು. ಮೊದಲು ಹೆಡ್ ನೋಡ್, ಆಮೇಲೆ ಒಂದೊಂದಾಗಿ ಉಳಿದವು.

ಧೂಳು ಬೇರೆ. ನಮ್ಮ ಎರೆಮಣ್ಣಿನ ಧೂಳು ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ಜೋಳದ ರಾಶಿ ಮುಗಿದ ಮೇಲೊಮ್ಮೆ ಒಂದು ನೋಡ್ ಬಿಚ್ಚಿದ್ದೆ, ಪ್ರೊಸೆಸರ್ ತಣ್ಣಗಿಡುವ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿ ತುಂಡಿನ ಹಾಗೆ ಮೆತ್ತಿಕೊಂಡಿತ್ತು. ಬೆರಳಿಂದ ಎಳೆದರೆ ಒಂದೇ ಪದರಾಗಿ ಬಂತು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿಂದ ಒತ್ತಿ ಹಿಡಿ, ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹೋಗುತ್ತದೆ. ಆ ಒಂದು ನೋಡ್ ಕಾದು ನಿಧಾನ ಆಗಿದ್ದಕ್ಕೆ ಎಂಟೂ ನೋಡ್‌ನ ಜಾಬ್ ನಿಧಾನ ಆಗಿತ್ತು.

ಗುಳೇದಗುಡ್ಡದಲ್ಲಿ ನಿಮ್ಮ ಅಜ್ಜ ಖಣ ನೇಯುವುದನ್ನು ನೀನು ನೋಡಿದ್ದೀಯಲ್ಲ. ಹಾಸಿನಲ್ಲಿ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸುತ್ತಿದ್ದ, ಗಂಟು ಹಾಕಿ ಮತ್ತೆ ಶುರು. ಹಲವು ನೋಡ್ ಒಟ್ಟಿಗೆ ಮಾಡುವ ಎಂಪಿಐ ಜಾಬ್ ಕೂಡ ಒಂದು ಎಳೆ ಹರಿದರೆ ನಿಲ್ಲುತ್ತದೆ, ಆದರೆ ಗಂಟು ಹಾಕಲಿಕ್ಕೆ ಬರುವುದಿಲ್ಲ, ಪೂರ್ತಿ ಸಾಯುತ್ತದೆ. ಅಜ್ಜನಿಗೆ ನೇಯ್ದ ಬಟ್ಟೆಯಾದರೂ ಸುತ್ತಿ ಉಳಿದಿರುತ್ತಿತ್ತು. ನಿನ್ನ ಹುಡುಗರಿಗೂ ಅದನ್ನೇ ಕಲಿಸು: ಲೆಕ್ಕದ ಪ್ರೋಗ್ರಾಮ್ ಓಪನ್‌ಫೋಮ್ ಇರಲಿ, ಗ್ರೋಮ್ಯಾಕ್ಸ್ ಇರಲಿ, ಗಂಟೆಗೊಮ್ಮೆಯಾದರೂ ಅಲ್ಲಿಯವರೆಗಿನ ಕೆಲಸ ಉಳಿಸುವ ಚೆಕ್‌ಪಾಯಿಂಟ್ ಬರೆಯಲಿ.

ಎಂಟು ನೋಡ್ ಇದ್ದರೆ ಕೆಲಸ ಎಂಟು ಪಟ್ಟು ಬೇಗ ಆಗುತ್ತೆ ಅಂತ ಪ್ರಿನ್ಸಿಪಾಲರು ಭಾಷಣದಲ್ಲಿ ಹೇಳುತ್ತಾರೆ, ನೋಡ್ತಿರು. ಮದುವೆ ಮನೆಯಲ್ಲಿ ರೊಟ್ಟಿ ಬಡಿಯಲಿಕ್ಕೆ ಎಂಟು ಜನ ಕೂತರೂ ಹಿಟ್ಟಿನ ಗಿರಣಿ ಒಂದೇ ಅಲ್ವಾ? ಕಂಪ್ಯೂಟರ್ ತಜ್ಞ ಜೀನ್ ಅಮ್‌ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ. ಕೆಲಸದಲ್ಲಿ ನೂರಕ್ಕೆ ಐದು ಪಾಲು ಹಂಚಲಾಗದ್ದಿದ್ದರೆ ಎಂಟಕ್ಕೆ ಸಿಗುವುದು ಸುಮಾರು ಆರು ಪಟ್ಟು, ಹದಿನಾರಕ್ಕೆ ಒಂಬತ್ತು, ಸಾವಿರ ನೋಡ್ ತಂದರೂ ಇಪ್ಪತ್ತು ದಾಟುವುದಿಲ್ಲ. ಮುಂದಿನ ವರ್ಷ ಇನ್ನೆಂಟು ಕೊಂಡುಕೊಳ್ಳುವ ಮೊದಲು ಇದನ್ನು ಅವರಿಗೆ ಕೂಡಿಸಿ ತೋರಿಸು.

ಜನರ ಕಾಟ ಮಷೀನಿಗಿಂತ ಜಾಸ್ತಿ. ನಮ್ಮ ಹುಡುಗನ ಜಾಬ್ ಮೊದಲು ಹಾಕಮ್ಮ ಅಂತ ದೊಡ್ಡವರೇ ಬರುತ್ತಾರೆ. ನೀನು ಯಾರಿಗೂ ಇಲ್ಲ ಅನ್ನಬೇಡ. ಸ್ಲರ್ಮ್‌ನಲ್ಲಿ ಫೇರ್‌ಶೇರ್ ಹಾಕು, ಯಾರು ಈಚೆಗೆ ಜಾಸ್ತಿ ಬಳಸಿದ್ದಾರೋ ಅವರ ಸರದಿ ತಾನೇ ಹಿಂದೆ ಹೋಗುತ್ತದೆ. ಮಷೀನೇ ಹಿಂದೆ ಹಾಕಿದೆ ಸರ್ ಅಂತ ಹೇಳು. ನಿನಗೂ ಬೈಗುಳ ಇಲ್ಲ, ಅವರಿಗೂ ಅವಮಾನ ಇಲ್ಲ.

ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಾಗಿಲನ್ನು ಇಂಟರ್ನೆಟ್‌ಗೆ ನೇರ ತೆರೆಯಬೇಡ, ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಕೀ ಫೈಲ್ ಇದ್ದವರಿಗೆ ಮಾತ್ರ ಇಡು. 2020ರ ಮೇ ತಿಂಗಳಲ್ಲಿ ಎಡಿನ್‌ಬರೋದ ಆರ್ಚರ್ ಸೇರಿ ಯುರೋಪಿನ ಎಷ್ಟೋ ಸೂಪರ್ ಕಂಪ್ಯೂಟರ್‌ಗಳನ್ನು ಮುಚ್ಚಬೇಕಾಯಿತು, ಹ್ಯಾಕರ್‌ಗಳು ಕದ್ದ ಲಾಗಿನ್‌ಗಳಿಂದ ಒಳಗೆ ಬಂದಿದ್ದರು.

ಬ್ಯಾಕಪ್ ಬಗ್ಗೆ ರೇಗಿಯೇ ಹೇಳುತ್ತೇನೆ. ರೇಡ್, ಅಂದರೆ ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ನಲ್ಲಿ ಇಡುವುದು, ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಒಟ್ಟಿಗೇ ಅಳಿಯುತ್ತದೆ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 77 ಟೆರಾಬೈಟ್, ಸುಮಾರು 3.4 ಕೋಟಿ ಫೈಲ್ ಹೋದವು. ಅಳಿಸಿದ್ದು ಯಾರು? ಬ್ಯಾಕಪ್ ಸ್ಕ್ರಿಪ್ಟೇ! ಓಡುತ್ತಿದ್ದ ಸ್ಕ್ರಿಪ್ಟಿನ ಮೇಲೆಯೇ ತಿದ್ದಿದ ಹೊಸದನ್ನು ಹಾಕಿದ್ದರು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಅದನ್ನು ಒಮ್ಮೆಲೇ ಓದಿಟ್ಟುಕೊಳ್ಳುವುದಿಲ್ಲ, ಓಡುತ್ತ ಓಡುತ್ತ ಓದುತ್ತದೆ, ಹಾಗಾಗಿ ನಡುವೆಯೇ ಹೊಸದು ಸಿಕ್ಕು, ಎಲ್ಲಿ ಅಳಿಸಬೇಕು ಅನ್ನೋ ವೇರಿಯಬಲ್ ಖಾಲಿಯಾಗಿ, ಹಳೆ ಲಾಗ್ ಅಳಿಸಬೇಕಾದದ್ದು ಜನರ ಫೈಲ್ ಅಳಿಸಿತು. ಅಷ್ಟು ದೊಡ್ಡವರಿಗೇ ಹಂಗಾಯಿತು. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತೆಗೆದು ತೆರೆದು ನೋಡು, ತಾರೀಖು ವಹಿಯಲ್ಲಿ ಬರಿ.

ಮುಂದಿನ ತಿಂಗಳು ನಾನು ನವನಗರಕ್ಕೆ ಬರುತ್ತೇನೆ, ಅಷ್ಟರಲ್ಲಿ ಎಂಟೂ ಎದ್ದಿರಲಿ. ಕ್ರಿಂಪಿಂಗ್ ಟೂಲ್, ಬ್ಲೋವರ್ ತರುತ್ತೇನೆ, ನೀನು ಕೊಳ್ಳಬೇಡ. ಚಿಗವ್ವ ಗೋಕಾಕದ ಕರದಂಟು ಕೊಟ್ಟು ಕಳಿಸುತ್ತಾಳಂತೆ, ಅಮೀನಗಡದ್ದೇ ಚೆಂದ ಅಂತ ಜಗಳ ತೆಗಿಬೇಡ. ಬಂದ ದಿನ ನಾವಿಬ್ಬರೂ ಫೋನ್ ಆರಿಸಿ ಹೊರಗೆ ಚಹಾದ ಅಂಗಡಿಯಲ್ಲಿ ಕೂಡೋಣ. ನಿನ್ನ ವಹಿಯನ್ನು ಲ್ಯಾಬ್ ಅಟೆಂಡರ್ ಕೈಗೆ ಕೊಟ್ಟು ಬಾ, ಓದಿಕೊಂಡು ಎಂಟನ್ನೂ ಆರಿಸಿ ಮತ್ತೆ ಹಚ್ಚಲಿ. ಎಲ್ಲಿ ತಡೆದು ನಿಲ್ಲುತ್ತಾನೋ ಆ ಪುಟ ನೀನು ಅವತ್ತೇ ತಿದ್ದಿ ಬರೆಯಬೇಕು.

ನಿನ್ನ
ಕಾಕಾ